ಬರೆಯದೆ ಬಿಟ್ಟ ಆ ಹನ್ನೊಂದು ಮಧ್ಯಾಹ್ನ

ಪ್ರಶ್ನೆ: ನಮಸ್ಕಾರ ಸರ್. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವ ಕಡೆ ಲೆಕ್ಕ ಬರೆಯುತ್ತೇನೆ. ಹದಿನಾಲ್ಕು ಜನ ಇದ್ದೇವೆ, ಹೆಂಗಸರೇ ಜಾಸ್ತಿ. ಗೂಡು ಬೇಯಿಸುವ ನೀರಿನ ಆವಿ ಒಂದು ಕಡೆ, ತಲೆ ಮೇಲೆ ಶೀಟು. ಎಳೆ ಹಾರುತ್ತೆ ಅಂತ ಫ್ಯಾನ್ ಹಾಕಲ್ಲ. ಏಪ್ರಿಲ್‌ನಲ್ಲಿ ಇಬ್ಬರು ತಲೆ ಸುತ್ತಿ ಕೂತುಬಿಟ್ಟರು. ನಮ್ಮೂರಿನ ಹುಳು ಮನೆಯಿಂದ (ರೇಷ್ಮೆ ಹುಳು ಸಾಕುವ ಕಡೆ) ಒದ್ದೆ ಬಟ್ಟೆಯ ಥರ್ಮಾಮೀಟರು ತಂದು (ಅದರಲ್ಲಿ ಒಂದು ಒಣ ಕೊಳವೆ, ಬುಡಕ್ಕೆ ಒದ್ದೆ ಬಟ್ಟೆ ಸುತ್ತಿದ ಇನ್ನೊಂದು) ದಿನಕ್ಕೆ ಮೂರು ಸಲ ಬರೆದಿಟ್ಟೆ. 40 ದಿನದಲ್ಲಿ 11 ಮಧ್ಯಾಹ್ನ ಖಾಲಿ ಉಳಿದಿವೆ. ಗೋಡೆಯ ಇನ್ನೊಂದು ಥರ್ಮಾಮೀಟರು ಬೇರೆಯೇ ತೋರಿಸುತ್ತೆ. ಕಂಪ್ಯೂಟರ್ ಕಲಿಯುತ್ತಿರುವ ನನ್ನ ತಮ್ಮ ಖಾಲಿ ಜಾಗಕ್ಕೆ ಸರಾಸರಿ ತುಂಬಿ, ‘ಅಷ್ಟೇನೂ ಸೆಕೆ ಇಲ್ಲ ಬಿಡಕ್ಕ’ ಅಂದ. ನಂಬಲಾ?
(ಹೆಸರು ಬೇಡ, ಶಿಡ್ಲಘಟ್ಟ)

ಉತ್ತರ: ನಂಬಬೇಡಿ ತಾಯಿ. ತಮ್ಮನನ್ನು ಬೈಯಲೂಬೇಡಿ. ಅವನು ಮಾಡಿದ್ದನ್ನೇ ನಾನೂ ಮಾಡಿದ್ದೇನೆ.

ಕಾರ್ಖಾನೆಗಳಲ್ಲಿ ಸುರಕ್ಷತೆ ನೋಡಿಕೊಳ್ಳುವ ಕೆಲಸದಲ್ಲಿ 26 ವರ್ಷ ಇದ್ದೆ. ಒಂದು ಗಾರ್ಮೆಂಟ್ಸ್‌ನ ಇಸ್ತ್ರಿ ವಿಭಾಗದ ಪುಸ್ತಕದಲ್ಲಿ ಹೀಗೇ ಖಾಲಿ ಜಾಗಗಳಿದ್ದವು. ಸರಾಸರಿ ತುಂಬಿ ವರದಿ ಕೊಟ್ಟೆ. ಆಮೇಲೆ ಅಲ್ಲಿನ ಒಬ್ಬ ಹೆಣ್ಣುಮಗಳು ಹೇಳಿದಳು: ‘ಸರ್, ಜಾಸ್ತಿ ಸೆಕೆ ಇದ್ದ ದಿನ ಬರೆಯೋಕೆ ಯಾರಿಗೆ ಕೈ ಬರುತ್ತೆ?’ ಆ ಮಾತು ಇವತ್ತಿಗೂ ಮನಸ್ಸಿನಿಂದ ಹೋಗಿಲ್ಲ. ನಾನು ತುಂಬಿದ್ದು ಅತಿ ಕೆಟ್ಟ ದಿನಗಳ ಜಾಗಕ್ಕೆ ಸಾಧಾರಣ ದಿನಗಳನ್ನು.

ನಿಮ್ಮ 11 ಮಧ್ಯಾಹ್ನ ಯಾಕೆ ಖಾಲಿ? ಒಂದೊಂದನ್ನೂ ನೆನಪು ಮಾಡಿಕೊಳ್ಳಿ. ಕರೆಂಟು ಹೋಗಿತ್ತಾ? ಯಾರಿಗಾದರೂ ಹುಷಾರಿರಲಿಲ್ಲವಾ? ನಿಮಗೇ ಸುಸ್ತಾಗಿತ್ತಾ? ಕಾರಣ ಬರೆಯಿರಿ, ಅಂಕಿ ಬರೆಯಬೇಡಿ. ನೆನಪಿಲ್ಲದಿದ್ದರೆ ‘ಗೊತ್ತಿಲ್ಲ’ ಅಂತಲೇ ಇರಲಿ. ತಲೆ ಸುತ್ತಿದವರ ಪಟ್ಟಿಗೂ ಇದೇ ಮಾತು. ಮನೆಯಲ್ಲೇ ಉಳಿದವರು ಪುಸ್ತಕಕ್ಕೆ ಬರುವುದೇ ಇಲ್ಲ, ಅಲ್ವಾ? ರಜೆ ಹಾಕಿದವರನ್ನೂ ಕೇಳಿ ಬರೆಯಿರಿ.

ಈಗ ಥರ್ಮಾಮೀಟರು. ಒಂದು ಲೋಟ ತುಂಬ ಪುಡಿ ಮಾಡಿದ ಐಸ್ ಹಾಕಿ, ಸ್ವಲ್ಪ ನೀರು ಬೆರೆಸಿ, ಬುಡ ಮುಳುಗುವಂತೆ ಐದು ನಿಮಿಷ ಇಡಿ. ಸೊನ್ನೆ ತೋರಿಸಬೇಕು. ಒಂದೂವರೆ ತೋರಿಸಿದರೆ, ಅದು ಬರೆಸಿದ ಪ್ರತಿ ಅಂಕಿಯಿಂದ ಒಂದೂವರೆ ಕಳೆಯಿರಿ. ಕುದಿಯುವ ನೀರಿಗೆ ಮಾತ್ರ ಇಳಿಸಬೇಡಿ. ಗೋಡೆಯ ಥರ್ಮಾಮೀಟರು ಒಡೆದುಹೋಗುತ್ತದೆ.

ನೀವು ಹುಳು ಮನೆಯ ಥರ್ಮಾಮೀಟರು ತಂದಿದ್ದು ನನಗೆ ತುಂಬಾ ಸಂತೋಷ ಕೊಟ್ಟಿತು. ಇಂಥ ಸೆಕೆಯಲ್ಲಿ ಮೈ ತಣ್ಣಗಾಗುವುದು ಹೆಚ್ಚಾಗಿ ಬೆವರು ಆರುವುದರಿಂದ. ಆವಿ ತುಂಬಿದ ಕೋಣೆಯಲ್ಲಿ ಬೆವರು ಸುರಿಯುತ್ತದೆಯೇ ಹೊರತು ಆರುವುದಿಲ್ಲ. ಅದನ್ನು ಹೇಳುವುದು ಒದ್ದೆ ಬಟ್ಟೆಯ ಅಂಕಿ. ಅದಕ್ಕೇ ಒಳಾಂಗಣದ ಶಾಖದ ಲೆಕ್ಕದಲ್ಲಿ ಒದ್ದೆ ಅಂಕಿಗೆ 0.7 ಪಾಲು, ಕಪ್ಪು ಗೋಳದ ಥರ್ಮಾಮೀಟರಿನ (ಸುತ್ತಲಿನ ಬಿಸಿ ವಸ್ತುಗಳಿಂದ ಬಡಿಯುವ ಕಾವನ್ನೂ ಹಿಡಿಯುವಂಥದ್ದು) ಅಂಕಿಗೆ 0.3 ಪಾಲು. ನಿಮ್ಮಲ್ಲಿ ಗೋಳ ಇಲ್ಲ, ಒಣ ಅಂಕಿಯನ್ನೇ ಹಾಕಿ. ಶೀಟು, ಒಲೆ ಹತ್ತಿರ ಇರುವಲ್ಲಿ ಗೋಳ ಇನ್ನೂ ಜಾಸ್ತಿ ತೋರಿಸುತ್ತದೆ. ಹಾಗಾಗಿ ಬಂದ ಉತ್ತರವನ್ನು ‘ಕನಿಷ್ಠ ಇಷ್ಟು’ ಎಂದು ಓದಿಕೊಳ್ಳಿ.

ಒಂದು ಉದಾಹರಣೆ ನೋಡಿ. ಮಧ್ಯಾಹ್ನ ಮೂರಕ್ಕೆ ಒಣ 35, ಒದ್ದೆ 30 ಅಂತಿಟ್ಟುಕೊಳ್ಳಿ. 21 ಮತ್ತು 10.5 ಸೇರಿ 31.5. ಓದುವಾಗ ಎರಡರಲ್ಲೂ ಒಂದು ಡಿಗ್ರಿ ಹೆಚ್ಚು ಕಡಿಮೆ ಆಗಿದೆ ಅಂದುಕೊಳ್ಳೋಣ. ಆಗಲೂ 30.5ರಿಂದ 32.5ರ ಒಳಗೆ. ಶಾಖಕ್ಕೆ ಒಗ್ಗಿದವರಿಗೆ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 7243 ಹೇಳುವ ಮಿತಿ, ಕೂತು ಕೈಯಲ್ಲಿ ಮಾಡುವ ಹಗುರ ಕೆಲಸಕ್ಕೆ 30, ಗೂಡಿನ ಬುಟ್ಟಿ ಹೊತ್ತು ಓಡಾಡುವಂಥದ್ದಕ್ಕೆ 28. ಒಂದು ಡಿಗ್ರಿ ತಪ್ಪಿದ್ದರೂ ನೀವು ಮಿತಿ ದಾಟಿದ್ದೀರಿ. ಇದಕ್ಕೆ ಹೊಸ ಥರ್ಮಾಮೀಟರು ಬರಲಿ ಅಂತ ಕಾಯಬೇಕಾಗಿಲ್ಲ.

ಬೆಳಗ್ಗೆ ಒಂಬತ್ತಕ್ಕೆ ಒಣ 27, ಒದ್ದೆ 24 ಇದ್ದರೆ 24.9. ಒಂದು ಡಿಗ್ರಿ ತಪ್ಪಿದ್ದರೂ ಚಿಂತೆಯಿಲ್ಲ. ಕಷ್ಟ ಇರುವುದು ಹನ್ನೊಂದು ಗಂಟೆಯ ಹೊತ್ತಿನಲ್ಲಿ. 31, 27 ಇದ್ದರೆ 28.2. ಅಂದರೆ 27.2 ಇರಬಹುದು, 29.2 ಕೂಡ ಇರಬಹುದು. ಬುಟ್ಟಿ ಹೊರುವವರಿಗೆ ಸರಿಯೋ ತಪ್ಪೋ ಈ ಅಂಕಿ ಹೇಳಲಾರದು. ಅಲ್ಲಿ ನನ್ನ ತೀರ್ಮಾನ ಒಂದೇ: ಸೆಕೆ ಜಾಸ್ತಿ ಇದೆ ಎಂದೇ ನಡೆದುಕೊಳ್ಳಿ. ಸುಮ್ನೆ ಹತ್ತು ನಿಮಿಷ ವಿಶ್ರಾಂತಿ ಕೊಟ್ಟರೆ ಹೋಗುವುದು ಸ್ವಲ್ಪ ನೂಲು. ಕೊಡದೆ ಇದ್ದರೆ ಒಬ್ಬರ ಜೀವಕ್ಕೇ ಬರಬಹುದು. ತಮ್ಮನಿಗೂ ಹೇಳಿ, ಪ್ರತಿ ಸಾಲಿಗೆ ಒಂದು ಅಂಕಿ ಅಲ್ಲ, ಕೆಳಗಿನದು ಮೇಲಿನದು ಎರಡನ್ನೂ ಹಾಕಲಿ. ಖಾಲಿ ಇರುವುದನ್ನು ಖಾಲಿಯೇ ಬಿಡಲಿ.

ಇನ್ನು ನೀರು. 15–20 ನಿಮಿಷಕ್ಕೊಮ್ಮೆ ಒಂದು ಲೋಟ. ಶೌಚಾಲಯ ಸರಿಯಿಲ್ಲ ಅಂತ ಹೆಂಗಸರು ನೀರೇ ಕುಡಿಯದಿರುವುದನ್ನು ನಾನು ಬೇಕಾದಷ್ಟು ಕಡೆ ಕಂಡಿದ್ದೇನೆ. ಮಾಲೀಕರ ಹತ್ತಿರ ಮೊದಲು ಅದನ್ನೇ ಕೇಳಿ. ಹೊಸಬರಿಗೆ ಮೊದಲ ದಿನ ಆ ಬಿಸಿಯಲ್ಲಿ ಐದರಲ್ಲಿ ಒಂದು ಪಾಲು ಹೊತ್ತು ಮಾತ್ರ ಕೆಲಸ ಕೊಟ್ಟು, ದಿನಾ ಅಷ್ಟಷ್ಟೇ ಏರಿಸಿ. ಯಾರಾದರೂ ತೊದಲಿದರೆ, ಏನೇನೋ ಮಾತಾಡಿದರೆ, ಪ್ರಜ್ಞೆ ತಪ್ಪಿದರೆ ಮೈ ಮೇಲೆ ನೀರು ಸುರಿದು ಗಾಳಿ ಬೀಸುತ್ತಾ 108ಕ್ಕೆ ಫೋನ್ ಮಾಡಿ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬೇಡಿ.

ಐಸ್ ಪರೀಕ್ಷೆ ಮುಗಿದ ಮೇಲೆ, ಒದ್ದೆ ಅಂಕಿ ಇರುವ ಒಂದು ವಾರದ ಪುಟಗಳನ್ನು ಕಳಿಸಿ. ಗೂಡು ಬೇಯಿಸುವ ಬೇಸಿನ್ ಪಕ್ಕದ್ದು, ಬಾಗಿಲ ಹತ್ತಿರದ್ದು ಬೇರೆ ಬೇರೆ ಬರೆಯಿರಿ. ಕೂತು ನೋಡಿ ಉತ್ತರ ಬರೆಯುತ್ತೇನೆ.