ಬ್ಯಾರೆಯವರ ಮಾತಿಗೆ ಬಗ್ಗದೆ ನಿಲ್ಲೋದು ಹೆಂಗ?

ಯಾರು ಒತ್ತಿ ಹೇಳಿದ್ರೂ ನನ್ನ ಅಭಿಪ್ರಾಯ ಅಲ್ಲಾಡಿಬಿಡ್ತದ, ಕೆಲವರು ಮಾತ್ರ ಎಷ್ಟು ಹೇಳಿದ್ರೂ ಜಗ್ಗಂಗಿಲ್ಲ, ಅದು ಹೆಂಗ ಅಂತ ಕೇಳೀರಿ. ನಾ ನೋಡಿದ ಮಟ್ಟಿಗೆ ಕಿವಿ ಮುಚ್ಕೊಂಡು ಕುಂತವರು ಗಟ್ಟಿ ಅಲ್ರಿ, ಎದುರಿನವರ ಮಾತು ಪೂರ್ತಿ ಕೇಳಿ ಅದಕ್ಕ ಉತ್ತರ ಕೊಟ್ಟವರೇ ಗಟ್ಟಿ.

ನಮ್ಮ ಸಿಂಧನೂರು ಕಡೆ ಭತ್ತದ ಸೀಜನ್‌ದಾಗ ಗೊಬ್ಬರದ ಅಂಗಡಿ ಮುಂದ ನಿಂತ್ರ ಗೊತ್ತಾಗ್ತದ. ಅಂಗಡಿಯವ ಇನ್ನೆರಡು ಚೀಲ ಯೂರಿಯಾ ಒಯ್ರಿ, ಬಾಜು ಹೊಲದವರು ಆಗ್ಲೇ ಒಯ್ದಾರ ಅಂತಾನ, ಉದ್ರಿ ಕೊಡೋನ ಮುಂದ ಒಲ್ಲೆ ಅನ್ನೋದು ಸುಲಭ ಅಲ್ಲ. ಬರೇ ಬ್ಯಾಡ ಅಂದು ಬಂದವರು ಮರುದಿನ ತಾವೇ ಹೋಗಿ ತರೋದು ಬಾಳ ಸಲ ನೋಡೀನಿ. ನಮ್ಮ ಕಾಕಾ ಹಂಗಲ್ಲ, ಕುಂತು ಕೇಳ್ತಾರ, ಹೌದಪ ಬೆಳಿ ಹಸರಾಗಿ ಕಾಣ್ತದ ಅಂತ ಒಪ್ಕೊಂತಾರ, ಆಮ್ಯಾಲೆ ಯೂರಿಯಾ ಅತಿ ಆದ್ರ ಜಿಗಿಹುಳ, ಬೆಂಕಿರೋಗ ಹೆಚ್ಚಾಗ್ತಾವಲ್ಲ, ಆಗ ಎಣ್ಣಿ ಹೊಡಿಯೋ ಖರ್ಚು ಯಾರು ಕೊಡ್ತಾರ ಅಂತಾರ. (ಎಲಿ ಹಳದಿ ತಿರುಗಿದ್ರ ಅವರೂ ತಂದು ಹಾಕ್ತಾರ, ಹಟ ಏನಿಲ್ಲ.) ಎದ್ದು ಬರೋವಾಗ ಅವರ ಖಾತ್ರಿ ಇನ್ನೂ ಹೆಚ್ಚಾಗಿರ್ತದ.

ಸೈಕಾಲಜಿಯವರೂ ಇದನ್ನ ಕಂಡಾರ. ಜಕರಿ ಟೊರ್ಮಾಲಾ, ರಿಚರ್ಡ್ ಪೆಟ್ಟಿ ಅನ್ನೋರು 2002ರಾಗ ತೋರಿಸಿದ್ದು ಏನಂದ್ರ, ಎದುರಿನ ವಾದ ಬಲವಾಗಿತ್ತು ಆದ್ರೂ ನಾ ಬಗ್ಗಲಿಲ್ಲ ಅಂತ ಅನಿಸಿದಾಗ ಮನುಷ್ಯಾಗ ತನ್ನ ಅಭಿಪ್ರಾಯದ ಮ್ಯಾಲೆ ಖಾತ್ರಿ ಹೆಚ್ಚಾಗ್ತದ, ವಾದ ಪೊಳ್ಳಿತ್ತು ಅನಿಸಿದ್ರ ಹೆಚ್ಚಾಗಂಗಿಲ್ಲ. ಆಮ್ಯಾಲಿನ ಅಧ್ಯಯನದಾಗ ಇನ್ನೊಂದು ಕಂಡ್ತು, ಹೆಂಗೋ ಪಾರಾದೆ, ನೆಟ್ಟಗ ಉತ್ತರ ಕೊಡ್ಲಿಕ್ಕಾಗ್ಲಿಲ್ಲ ಅನಿಸಿದ್ರ ಬಗ್ಗದೇ ಇದ್ದವರಿಗೂ ಖಾತ್ರಿ ಕಮ್ಮಿ ಆಗಬಹುದು. ನಿಮಗ ಆಗೋದು ಇದೇ ಇರಬೇಕು ಅನಸ್ತದ ನನಗ.

1960ರ ಸುಮಾರಿಗೆ ವಿಲಿಯಂ ಮೆಕ್‌ಗೈರ್ ಅನ್ನೋ ಇನ್ನೊಬ್ಬ ಸೈಕಾಲಜಿಯವರು ಇದಕ್ಕೊಂದು ದಾರಿ ತೋರಿಸಿದ್ರು. ಹಲ್ಲುಜ್ಜೋದು ಒಳ್ಳೇದು ಅನ್ನೋವಂಥ, ಯಾರೂ ಪ್ರಶ್ನೆ ಮಾಡದ ನಂಬಿಕಿ ತಗೊಂಡು, ಅದರ ವಿರುದ್ಧದ ಸಣ್ಣ ವಾದ ಮತ್ತ ಅದಕ್ಕ ಉತ್ತರ ಎರಡೂ ಮೊದಲೇ ಕೊಟ್ರು. ಬರೇ ಪರವಾದ ಮಾತು ಕೇಳಿದವರಿಗಿಂತ ಇವರೇ ಮುಂದ ದೊಡ್ಡ ವಾದಕ್ಕ ಚಲೋ ತಡಕೊಂಡ್ರು, ಲಸಿಕೆ ಹಾಕಿದಂಗ.

ಆದ್ರ ಖಾತ್ರಿ ಬ್ಯಾರೆ, ಸರಿ ಇರೋದು ಬ್ಯಾರೆ. ಅದಕ್ಕ ಯಾರಾದ್ರೂ ಒತ್ತಿದಾಗ ಅಲ್ಲೇ ಹೂಂ ಅನಬ್ಯಾಡ್ರಿ, ನಾಳೆ ಹೇಳ್ತೀನಿ ಅಂದು ಬರ್ರಿ, ಅವರ ಮಾತಿನಾಗ ಎಲ್ಲಕ್ಕಿಂತ ಗಟ್ಟಿ ಇದ್ದದ್ದನ್ನ ಬರಕೊಂಡು ಉತ್ತರ ಹುಡುಕ್ರಿ. ಸಿಗದಿದ್ರ ಅವರ ಮಾತು ಒಪ್ಕೊಳ್ರಿ, ಏನೂ ಆಗಂಗಿಲ್ಲ.