'ವೆಸ್ಟ್ ಬೈರೂತ್' ಮಕ್ಕಳಿಗೆ ತೋರಿಸುವುದಾದರೆ

ಹದಿನೈದು-ಹದಿನಾರರ ಮಕ್ಕಳಿಗೆ 'ವೆಸ್ಟ್ ಬೈರೂತ್' ಸಿನಿಮಾ ತೋರಿಸಬಹುದಾ, ಮೊದಲು ಲೆಬನಾನ್ ಯುದ್ಧದ ಪಾಠ ಮಾಡಬೇಕಾ ಅಂತ ಕೇಳಿದ್ದೀರಿ ಮೇಡಂ. ಧಾರಾಳವಾಗಿ ತೋರಿಸಿ. ಪಾಠ ಮಾತ್ರ ಬೇಡ. ಯಾವ ಪಕ್ಷ, ಯಾರ ಪಡೆ ಅಂತ ಬೋರ್ಡ್ ಮೇಲೆ ಬರೆಯಲು ಹೊರಟರೆ ಮಕ್ಕಳು ಆಕಳಿಸುತ್ತಾರೆ. ಕಥೆಯ ಹುಡುಗ ತಾರಿಕ್‌ಗೂ ಅದೆಲ್ಲ ಗೊತ್ತಿಲ್ಲವಲ್ಲ!

ಇಷ್ಟು ಹೇಳಿದರೆ ಸಾಕು. 1975ರ ಏಪ್ರಿಲ್ 13ರಂದು ಲೆಬನಾನ್ ರಾಜಧಾನಿ ಬೈರೂತ್‌ನಲ್ಲಿ ಪ್ಯಾಲೆಸ್ಟೀನಿಯರಿದ್ದ ಬಸ್ಸಿನ ಮೇಲೆ ಬಂದೂಕುಧಾರಿಗಳು ಗುಂಡು ಹಾರಿಸಿದರು. ಅಲ್ಲಿಂದ ಹತ್ತಿಕೊಂಡ ಯುದ್ಧ ಮುಗಿದದ್ದು 1990ರಲ್ಲಿ. ಊರು ಎರಡಾಯಿತು. ಪಶ್ಚಿಮದಲ್ಲಿ ಮುಸ್ಲಿಮರು ಜಾಸ್ತಿ, ಪೂರ್ವದಲ್ಲಿ ಕ್ರೈಸ್ತರು ಜಾಸ್ತಿ, ನಡುವೆ 'ಗ್ರೀನ್ ಲೈನ್' ಅನ್ನುವ ಗಡಿಗೆರೆ. ತಾರಿಕ್ ಮನೆ ಪಶ್ಚಿಮದಲ್ಲಿ, ಅವನ ಫ್ರೆಂಚ್ ಶಾಲೆ ಪೂರ್ವದಲ್ಲಿ. (ಬಸ್ ಘಟನೆ ನಡೆದದ್ದು ಭಾನುವಾರ, ಸಿನಿಮಾದಲ್ಲಿ ಶಾಲೆ ನಡೆಯುತ್ತಿರುತ್ತದೆ. ಯಾರಾದರೂ ಚುರುಕಿನ ಹುಡುಗಿ ಕ್ಯಾಲೆಂಡರ್ ನೋಡಿ ಕೇಳಿದರೆ ಗಾಬರಿಯಾಗಬೇಡಿ.)

ಭಾಷೆಯ ವಿಷಯ ಮಾತ್ರ ತಪ್ಪದೇ ಹೇಳಿ. ಪಾತ್ರಗಳು ಅರೇಬಿಕ್, ಫ್ರೆಂಚ್ ಎರಡೂ ಆಡುತ್ತವೆ. ಸಬ್‌ಟೈಟಲ್ ಓದುವವರಿಗೆ ಅದು ಗೊತ್ತೇ ಆಗುವುದಿಲ್ಲ. ಶುರುವಿನಲ್ಲೇ ಶಾಲೆಯ ಅಂಗಳದಲ್ಲಿ ಮಕ್ಕಳು ಸಾಲಾಗಿ ನಿಂತು ಫ್ರಾನ್ಸಿನ ರಾಷ್ಟ್ರಗೀತೆ ಹಾಡುತ್ತಿರುತ್ತಾರೆ. ತಾರಿಕ್ ಮೇಲಿಂದ ಮೆಗಾಫೋನ್ ಹಿಡಿದು ಲೆಬನಾನ್ ಗೀತೆ ಶುರು ಹಚ್ಚುತ್ತಾನೆ, ಕೆಳಗಿನ ಮಕ್ಕಳೂ ದನಿಗೂಡಿಸುತ್ತಾರೆ. ಫ್ರಾನ್ಸಿನ ಆಳ್ವಿಕೆಯಿಂದ ದೇಶ ಸ್ವತಂತ್ರವಾಗಿ ಆಗಲೇ 30 ವರ್ಷ ದಾಟಿತ್ತು. ಇದು ಗೊತ್ತಿಲ್ಲದಿದ್ದರೆ ಆ ದೃಶ್ಯ ಬರೀ ತರಲೆ ಅನ್ನಿಸಿಬಿಡುತ್ತದೆ.

ಇನ್ನೊಂದು, ಸೂಪರ್ 8 ಕ್ಯಾಮೆರಾ, ಅಂದರೆ ರೀಲ್ ಹಾಕಿ ಸಿನಿಮಾ ತೆಗೆಯುವ ಪುಟ್ಟ ಕ್ಯಾಮೆರಾ. ಫೋನಿನಲ್ಲಿ ತೆಗೆದು ಅಲ್ಲೇ ನೋಡುವ ಮಕ್ಕಳಿಗೆ ರೀಲ್ ತೊಳೆಸಬೇಕು ಅನ್ನುವುದೇ ಹೊಸದು. ತಾರಿಕ್, ಅವನ ಗೆಳೆಯ ಒಮರ್ ತೆಗೆದ ರೀಲ್ ತೊಳೆಸಬೇಕಾದ ಅಂಗಡಿ ಗೆರೆಯ ಆಚೆ ಉಳಿದುಬಿಡುತ್ತದೆ. ಯುದ್ಧ ಅಂದರೆ ಅವರಿಗೆ ಮೊದಲು ಶಾಲೆಗೆ ರಜೆ, ಆಮೇಲೆ ಈ ರೀಲಿನ ತಾಪತ್ರಯ. ದೊಡ್ಡವರ ಯುದ್ಧ ಅಡುಗೆಮನೆ ಜಗಳವಾಗಿ ಒಳಗೆ ಬರುತ್ತದೆ: ಊರು ಬಿಡೋಣ ಅನ್ನುವ ಅಮ್ಮ ಹಾಲಾ, ಒಲ್ಲೆ ಅನ್ನುವ ಅಪ್ಪ ರಿಯಾದ್. ನನಗೆ ಸಿನಿಮಾದ ಜೀವ ಇರುವುದು ಈ ಗಂಡ ಹೆಂಡತಿಯ ಮಾತಿನಲ್ಲೇ. ಮಕ್ಕಳು ಅಲ್ಲಿ ಸ್ವಲ್ಪ ಕೊಸರಾಡಬಹುದು, ಆಡಲಿ ಬಿಡಿ.

ಬೈಗುಳ ಇದೆ, ವೇಶ್ಯಾಗೃಹದ ದೃಶ್ಯಗಳಿವೆ. ನೀವು ಮೊದಲು ಒಮ್ಮೆ ನೋಡಿ, ತಂದೆತಾಯಿಗೂ ತಿಳಿಸಿ. ಕತ್ತರಿಸಿ ತೋರಿಸಬೇಡಿ, ಎಳೆ ತಪ್ಪುತ್ತದೆ.

ನಿರ್ದೇಶಕ ಜಿಯಾದ್ ದುಯೇರಿ ಆ ಕಾಲದ ಬೈರೂತ್‌ನಲ್ಲೇ ಬೆಳೆದವರು, ತಾರಿಕ್ ಆಗಿರುವುದು ಅವರ ತಮ್ಮ ರಾಮಿ. ಇದನ್ನು ಸಿನಿಮಾ ಆದ ಮೇಲೆ ಹೇಳಿ. ಮೊದಲೇ ಹೇಳಿದರೆ ಎಲ್ಲವನ್ನೂ 'ನಿಜವಾಗಿ ನಡೆದದ್ದಾ' ಅಂತ ಕೇಳುತ್ತಾ ಕೂರುತ್ತಾರೆ. ಚರ್ಚೆಗೆ ಒಂದೇ ಪ್ರಶ್ನೆ ಇಟ್ಟುಕೊಳ್ಳಿ: ಯಾವ ದೃಶ್ಯದಿಂದ ನಿಮಗೆ ನಗು ನಿಂತಿತು? ಒಬ್ಬೊಬ್ಬರದು ಒಂದೊಂದು ಬರುತ್ತದೆ, ನೋಡಿ.

ಸಿನಿಮಾ ಸುಮಾರು ಒಂದೂಮುಕ್ಕಾಲು ಗಂಟೆ. ಸಂಜೆ ತಡವಾಗಿ ಶುರು ಮಾಡಬೇಡಿ. ಕೊನೆಯಲ್ಲಿ ಅಮ್ಮನಿಗೆ ಏನಾಯಿತು ಅನ್ನುವ ವಾದಕ್ಕೇ ಅರ್ಧ ಗಂಟೆ ಬೇಕು.