.22 ರೈಫಲ್‌ಗೆ ಸ್ಕೋಪ್: ಮೊದಲು ಕೇಳಬೇಕಾದ್ದು ‘ಎಷ್ಟು ಪಟ್ಟು’ ಎಂದಲ್ಲ

ಪ್ರಶ್ನೆ: ನನ್ನದು .22 ಎಲ್‌ಆರ್ ಬೋಲ್ಟ್ ಆಕ್ಷನ್ ರೈಫಲ್. ಹೆಚ್ಚಾಗಿ 25ರಿಂದ 50 ಮೀಟರ್, ಅಪರೂಪಕ್ಕೆ 100 ಮೀಟರ್ ದೂರದ ಟಾರ್ಗೆಟ್‌ಗೆ ಹೊಡೆಯುತ್ತೇನೆ. ದೊಡ್ಡ ರೈಫಲ್‌ನಿಂದ ಬಿಚ್ಚಿಟ್ಟ 3–9×40 ಸ್ಕೋಪ್ (3ರಿಂದ 9 ಪಟ್ಟು, ಮುಂದಿನ ಲೆನ್ಸು 40 ಮಿ.ಮೀ.) ಇದೆ. ಅದೇ ಸಾಕೇ, ರಿಮ್‌ಫೈರ್‌ಗೆಂದೇ (.22ರಂತೆ ಅಂಚಿಗೆ ಬಡಿದು ಸಿಡಿಸುವ ಗುಂಡಿನ ರೈಫಲ್‌ಗೆ) ಬೇರೆ ಕೊಳ್ಳಬೇಕೇ?

ಉತ್ತರ: ಹಾಕಿದರೆ ಸ್ಕೋಪ್ ಕೆಡುವುದಿಲ್ಲ. ದೊಡ್ಡ ರೈಫಲ್‌ನ ಹಿಂದೊದೆತ ತಡೆದದ್ದಕ್ಕೆ .22 ಯಾವ ಲೆಕ್ಕ! ತೊಂದರೆ ಇರುವುದು ಪ್ಯಾರಲಾಕ್ಸ್‌ನಲ್ಲಿ. ದೊಡ್ಡ ರೈಫಲ್‌ಗಳ ಸ್ಕೋಪ್ ಅನ್ನು ಕಾರ್ಖಾನೆಯಲ್ಲೇ ಸಾಮಾನ್ಯವಾಗಿ 100 ಗಜಕ್ಕೆ ಹೊಂದಿಸಿರುತ್ತಾರೆ, ಕೆಲವನ್ನು 150ಕ್ಕೆ. ರಿಮ್‌ಫೈರ್ ಸ್ಕೋಪ್‌ಗೆ ಅದು 50 ಅಥವಾ 60 ಗಜ. ಹೊಂದಿಸಿದ ದೂರದಲ್ಲಿ ಮಾತ್ರ ಗುರಿಯ ಬಿಂಬ ಮತ್ತು ಕ್ರಾಸ್‌ಹೇರ್ (ಸ್ಕೋಪ್‌ನೊಳಗಿನ ಗುರಿಗೆರೆಗಳು) ಒಂದೇ ಸಮತಲದಲ್ಲಿ ಕೂರುತ್ತವೆ. ಉಳಿದ ದೂರಗಳಲ್ಲಿ ಕಣ್ಣು ನಡುವಿನಿಂದ ತುಸು ಸರಿದರೂ ಕ್ರಾಸ್‌ಹೇರ್ ಗುರಿಯ ಮೇಲೆ ಓಡಾಡುತ್ತದೆ. ರೈಫಲ್ ಅಲುಗದಿದ್ದರೂ ನಿಮ್ಮ ಅಂದಾಜು ತಪ್ಪುತ್ತದೆ.

ಎಷ್ಟು ತಪ್ಪುತ್ತದೆ ಎಂದು ನೀವೇ ಲೆಕ್ಕ ಹಾಕಬಹುದು. ಮುಂದಿನ ಲೆನ್ಸಿನ ಅರ್ಧ ವ್ಯಾಸವನ್ನು ಗುರಿಯ ದೂರಕ್ಕೂ ಹೊಂದಿಸಿದ ದೂರಕ್ಕೂ ಇರುವ ಅಂತರದಿಂದ ಗುಣಿಸಿ, ಹೊಂದಿಸಿದ ದೂರದಿಂದ ಭಾಗಿಸಿ. 100 ಮೀಟರಿಗೆ ಹೊಂದಿಸಿದ 40 ಮಿ.ಮೀ. ಲೆನ್ಸಿನ ಸ್ಕೋಪ್‌ನಲ್ಲಿ 50 ಮೀಟರಿನ ಗುರಿಗೆ 10 ಮಿ.ಮೀ., 25 ಮೀಟರಿನ ಗುರಿಗೆ 15 ಮಿ.ಮೀ. ಬರುತ್ತದೆ. ಇದು ಕಣ್ಣು ಪೂರ್ತಿ ಅಂಚಿಗೆ ಹೋದಾಗಿನ ಮಾತು. ಕೆನ್ನೆ ಪ್ರತಿ ಸಲ ಒಂದೇ ಜಾಗದಲ್ಲಿ ಕೂತರೆ ಇದರ ಸಣ್ಣ ಪಾಲಷ್ಟೇ. ಆದರೆ ಅಂತರರಾಷ್ಟ್ರೀಯ 50 ಮೀಟರ್ ಟಾರ್ಗೆಟ್‌ನ ಹತ್ತರ ವೃತ್ತದ ವ್ಯಾಸವೇ 10.4 ಮಿ.ಮೀ. (ಆ ಸ್ಪರ್ಧೆಯಲ್ಲಿ ಸ್ಕೋಪ್ ಬಳಸುವಂತಿಲ್ಲ, ಅದು ಬೇರೆ ವಿಚಾರ.) ಅದೇ 50 ಮೀಟರಿಗೆ ಹೊಂದಿಸಿದ 32 ಮಿ.ಮೀ. ಲೆನ್ಸಿನಲ್ಲಿ 25 ಮೀಟರಿನ ತಪ್ಪು ಹೆಚ್ಚೆಂದರೆ 8 ಮಿ.ಮೀ.

ಕೊಳ್ಳುವ ಮುಂಚೆ ಇರುವುದನ್ನು ಪರೀಕ್ಷಿಸಿ. ರೈಫಲ್ ಖಾಲಿ ಮಾಡಿ, ಬೋಲ್ಟ್ ಹೊರತೆಗೆದು, ಮರಳು ಚೀಲಗಳ ಮೇಲೆ ಭದ್ರವಾಗಿ ಕೂರಿಸಿ 50 ಮೀಟರಿನ ಚುಕ್ಕೆಗೆ ಹಿಡಿಯಿರಿ. ರೈಫಲ್ ಮುಟ್ಟದೆ ತಲೆಯನ್ನಷ್ಟೇ ಮೇಲೆ–ಕೆಳಗೆ, ಎಡ–ಬಲ ಆಡಿಸಿ. ಕ್ರಾಸ್‌ಹೇರ್ ಒಂದು ಗುಂಡಿನ ಅಗಲದೊಳಗೆ, ಅಂದರೆ 5.7 ಮಿ.ಮೀ. ಒಳಗೆ ನಿಂತರೆ ಸದ್ಯಕ್ಕೆ ಅದನ್ನೇ ಬಳಸಿ.

ಹೊಸದು ಕೊಳ್ಳುವುದಾದರೆ, ಮೂರು ದೂರಗಳಲ್ಲಿ ಹೊಡೆಯುವ ನಿಮಗೆ ಪ್ಯಾರಲಾಕ್ಸ್ ಹೊಂದಿಸಬಲ್ಲ ಸ್ಕೋಪೇ ಸರಿ. ತಿರುಗುಣಿ ಮುಂದಿನ ಲೆನ್ಸಿನ ಸುತ್ತ ಇರಲಿ, ಪಕ್ಕದಲ್ಲಿರಲಿ, ಕನಿಷ್ಠ 25 ಮೀಟರಿಗಾದರೂ ಇಳಿಯಬೇಕು. ಅದರ ಮೇಲೆ ಕೊರೆದ ಅಂಕಿಗಳನ್ನು ಪೂರ್ತಿ ನಂಬಬೇಡಿ. ತಲೆ ಆಡಿಸಿ ನೋಡಿ, ಕ್ರಾಸ್‌ಹೇರ್ ನಿಂತಲ್ಲಿ ನಿಮ್ಮದೇ ಗುರುತು ಹಾಕಿ.

ಇನ್ನು ಎಷ್ಟು ಪಟ್ಟು? 50 ಮೀಟರಿನವರೆಗೆ 4×32 ಅಥವಾ 2–7×32 ಧಾರಾಳ. 100 ಮೀಟರಿನ ಹಾಳೆಗೆ 9ರಿಂದ 12 ಪಟ್ಟು ಅನುಕೂಲ. ಅದಕ್ಕೂ ಮೇಲೆ ಹೋದರೆ ನಿಮ್ಮ ನಾಡಿಬಡಿತವೇ ಗುರಿಯ ಮೇಲೆ ಕುಣಿಯುತ್ತದೆ, ಬೆಳಕೂ ಕುಗ್ಗುತ್ತದೆ: 40 ಮಿ.ಮೀ. ಲೆನ್ಸನ್ನು 24 ಪಟ್ಟಿಗೆ ಏರಿಸಿದರೆ ಕಣ್ಣಿಗೆ ಬರುವ ಬೆಳಕಿನ ಬಿಲ್ಲೆ 1.7 ಮಿ.ಮೀ. ಮಾತ್ರ. ತೆಳ್ಳನೆಯ .22 ಮೇಲೆ ಅಂಥದ್ದು ಬರೀ ಅಲಂಕಾರ, ಜೊತೆಗೆ ತೂಕ.

ಇನ್ನೊಂದು ಮಾತು: ಈ ಸ್ಕೋಪನ್ನು ಸ್ಪ್ರಿಂಗ್ ಏರ್‌ಗನ್‌ಗೆ ಸಾಗಿಸಬೇಡಿ. ಅದು ಹಿಂದಕ್ಕೂ ಮುಂದಕ್ಕೂ ಒದೆಯುತ್ತದೆ; ಅದಕ್ಕೆಂದು ಮಾಡಿರದ ಸ್ಕೋಪ್‌ನ ಒಳಭಾಗ ಸಡಿಲವಾಗುತ್ತದೆ.

ಪ್ರಶ್ನೆ: ಸ್ಕೋಪ್ ಜೊತೆ ಬಂದ ರಿಂಗ್‌ಗಳು ನನ್ನ .22 ಮೇಲೆ ಕೂರುತ್ತಲೇ ಇಲ್ಲ. ಏಕೆ?

ಉತ್ತರ: ರೈಫಲ್‌ನ ನೆತ್ತಿಯಲ್ಲಿ ಉದ್ದಕ್ಕೆ ಎರಡು ಕಚ್ಚುಗಳಷ್ಟೇ ಇದ್ದರೆ ಅದು ಡವ್‌ಟೇಲ್, ಅಗಲ ಸುಮಾರು 11 ಮಿ.ಮೀ. ನಿಮಗೆ ಬಂದಿರುವುದು ಬಹುಶಃ ವೀವರ್ ಅಥವಾ ಪಿಕಾಟಿನ್ನಿ ಹಳಿಯ ರಿಂಗ್. ಆ ಹಳಿ 21 ಮಿ.ಮೀ. ಆಸುಪಾಸು. ಕೊಳವೆಯ ವ್ಯಾಸವನ್ನೂ ಅಳೆಯಿರಿ: 25.4 ಅಥವಾ 30 ಮಿ.ಮೀ. ದೊಡ್ಡ ರಿಂಗ್‌ಗೆ ಟೇಪ್ ಸುತ್ತಿ ಸರಿಮಾಡಿಕೊಳ್ಳುವುದು ಬೇಡವೇ ಬೇಡ.

ರಿಂಗ್ ಸಾಧ್ಯವಾದಷ್ಟು ತಗ್ಗಿರಲಿ. ಆದರೆ ಬೋಲ್ಟ್ ಹಿಡಿ ಪೂರ್ತಿ ಎತ್ತಿದಾಗ ಹಿಂಭಾಗಕ್ಕೆ ತಾಗಬಾರದು, ಮುಂದಿನ ಲೆನ್ಸು ಬ್ಯಾರಲ್‌ನಿಂದ ಒಂದೆರಡು ಮಿ.ಮೀ. ಆದರೂ ಮೇಲಿರಬೇಕು. ಕಚ್ಚಿನ ಎಣ್ಣೆಜಿಡ್ಡು ಒರೆಸಿ. ಸ್ಕೋಪನ್ನು ಅತಿ ಹೆಚ್ಚಿನ ಪಟ್ಟಿಗಿಟ್ಟು, ನೀವು ಹೊಡೆಯುವ ಭಂಗಿಯಲ್ಲೇ ಕೆನ್ನೆಯಿಟ್ಟು, ಅಂಚಿನಲ್ಲಿ ಕಪ್ಪು ನೆರಳಿಲ್ಲದೆ ಪೂರ್ತಿ ಚಿತ್ರ ಕಾಣುವವರೆಗೆ ಹಿಂದೆ–ಮುಂದೆ ಸರಿಸಿ. ರೈಫಲ್ ನೆಟ್ಟಗಿದ್ದಾಗ ದೂರದಲ್ಲಿ ತೂಗುಬಿಟ್ಟ ದಾರಕ್ಕೆ ಕ್ರಾಸ್‌ಹೇರ್‌ನ ನೆಟ್ಟ ಗೆರೆ ಹೊಂದಬೇಕು. ರಿಂಗ್‌ನ ಮೇಲಿನ ಸ್ಕ್ರೂಗಳನ್ನು ಒಂದಾದ ಮೇಲೆ ಅದರ ಎದುರು ಮೂಲೆಯದು ಎಂಬಂತೆ, ಸ್ವಲ್ಪಸ್ವಲ್ಪವೇ ಬಿಗಿಯಿರಿ. ತಯಾರಕರು ಬೇರೆ ಹೇಳದಿದ್ದರೆ 1.7ರಿಂದ 2 ನ್ಯೂಟನ್ ಮೀಟರ್ ಸಾಕು. ಹೆಚ್ಚು ಬಿಗಿದರೆ ಕೊಳವೆ ನಗ್ಗಿ, ಕ್ಲಿಕ್ (ಗುರಿ ಸರಿಸುವ ತಿರುಗುಣಿಯ ಒಂದೊಂದು ಹೆಜ್ಜೆ) ತಿರುಗಿಸಿದರೂ ಗುಂಡು ಸರಿಯಾಗಿ ಸರಿಯುವುದಿಲ್ಲ.

ಪ್ರಶ್ನೆ: ಕ್ರಾಸ್‌ಹೇರ್ ಕೆಳಗೆ 75, 100, 125ರ ಗೆರೆಗಳಿವೆ. ಯಾವುದೂ ಹೊಂದುತ್ತಿಲ್ಲ.

ಉತ್ತರ: ಎರಡು ಕಾರಣ. ಆ ಗೆರೆಗಳು ಒಂದು ವೇಗದ ಗುಂಡಿಗೆ ಮಾತ್ರ ಲೆಕ್ಕ ಹಾಕಿದವು; ಸ್ಟ್ಯಾಂಡರ್ಡ್ ಗುಂಡು ಸೆಕೆಂಡಿಗೆ ಸುಮಾರು 325 ಮೀಟರ್, ಹೈ ವೆಲಾಸಿಟಿ ಗುಂಡು ಸುಮಾರು 380 ಮೀಟರ್ ವೇಗದಲ್ಲಿ ಹೊರಡುತ್ತದೆ. ಜೊತೆಗೆ, ಹೆಚ್ಚಿನ ಸ್ಕೋಪ್‌ಗಳಲ್ಲಿ ಕ್ರಾಸ್‌ಹೇರ್ ಎರಡನೇ ಫೋಕಲ್ ಪ್ಲೇನ್‌ನಲ್ಲಿರುವುದರಿಂದ, ಅಂದರೆ ಪಟ್ಟು ಬದಲಿಸಿದರೂ ಅದರ ಗಾತ್ರ ಬದಲಾಗದಿರುವುದರಿಂದ, ಗೆರೆಗಳ ಅಂತರ ಒಂದೇ ಪಟ್ಟಿನಲ್ಲಿ, ಸಾಮಾನ್ಯವಾಗಿ ಅತಿ ಹೆಚ್ಚಿನದರಲ್ಲಿ, ಸರಿಯಿರುತ್ತದೆ. ನನ್ನ ಸಲಹೆ: ಗೆರೆ ಬಿಟ್ಟು ಕ್ಲಿಕ್ ಎಣಿಸಿ. 50 ಮೀಟರಿಗೆ ಹೊಂದಿಸಿದ ಸ್ಟ್ಯಾಂಡರ್ಡ್ ಗುಂಡು 100 ಮೀಟರಿನಲ್ಲಿ ಸುಮಾರು 20 ಸೆಂ.ಮೀ. ಕೆಳಗೆ ಬೀಳುತ್ತದೆ. ಕಾಲು ಎಂಒಎ (ಎಂಒಎ ಎಂದರೆ ಒಂದು ಡಿಗ್ರಿಯ ಅರವತ್ತರಲ್ಲೊಂದು ಪಾಲು) ಕ್ಲಿಕ್ ಒಂದಕ್ಕೆ ಅಲ್ಲಿ 7.3 ಮಿ.ಮೀ., ಅಂದರೆ 27–28 ಕ್ಲಿಕ್. ಅಲ್ಲಿಂದ ಶುರುಮಾಡಿ, ಐದೈದು ಗುಂಡು ಹೊಡೆದು, ನಿಮ್ಮ ಗುಂಡಿನ ನಿಜವಾದ ಸಂಖ್ಯೆಯನ್ನು ಬರೆದಿಡಿ.